ಖಾಲಿ ಮಸಿಕುಡಿಕೆ ಯಾರದು?

ನನ್ನ ಮೇಜಿನ ಮೇಲೆ 28 ಹಾಳೆಗಳ ಒಂದು ಪುಸ್ತಿಕೆ ಇದೆ. ಎ4 ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ, ಎಡಬದಿಗೆ ದಬ್ಬಳದಲ್ಲಿ ತೂತು ಕೊರೆದು, ಗೋಣಿ ಹೊಲಿಯುವ ದಾರದಲ್ಲಿ ಹೊಲಿದದ್ದು. ಒಳಗಿರುವುದು ನಮ್ಮಜ್ಜಿ ಹಾಡುತ್ತಿದ್ದ ಸೋಬಾನೆ ಪದಗಳು, ರಾಗಿ ಬೀಸುವ ಪದಗಳು. 2006ರಲ್ಲಿ ಅಜ್ಜಿಯ ವರ್ಷದ ತಿಥಿಗೆ ಬಂದ ನೆಂಟರಿಗೆ ಕೊಡಲೆಂದು ಅಪ್ಪ ಅರಸೀಕೆರೆಯ ನಮ್ಮ ಮನೆಯಲ್ಲೇ ಇದರ 40 ಪ್ರತಿಗಳನ್ನು ಪ್ರಿಂಟ್ ಮಾಡಿದ್ದರು. ದಿನಕ್ಕೊಂದು ಪದ ಟೈಪ್ ಮಾಡುವುದು, ತಪ್ಪು ತಿದ್ದುವುದು, ಆ ಹಾಳೆಯ 40 ಪ್ರತಿ ತೆಗೆದು ಪಕ್ಕಕ್ಕಿಡುವುದು, ಮರುದಿನ ಇನ್ನೊಂದು ಪದ. ಹೀಗೆ ಒಂದು ತಿಂಗಳು ನಡೆಯಿತು.

ಈಗ ತೆರೆದು ನೋಡಿದರೆ ಮೊದಲ ಐದು ಹಾಳೆಗಳ ಅಕ್ಷರ ಮೊನ್ನೆ ಮೊನ್ನೆ ಪ್ರಿಂಟ್ ಮಾಡಿದಷ್ಟು ಕಪ್ಪಗಿದೆ. ಆರನೆಯ ಹಾಳೆಯಿಂದ ಬಣ್ಣ ಬದಲಾಗುತ್ತದೆ. ಒಮ್ಮೆ ಕಂದು, ಒಮ್ಮೆ ತೆಳು ನೇರಳೆ. ಕೊನೆಕೊನೆಯ ಹಾಳೆಗಳನ್ನು ಓದಬೇಕಾದರೆ ಕಿಟಕಿಗೆ ಹಿಡಿಯಬೇಕು. ಎಂ.ಎ.ಯಲ್ಲಿ ಲಿಪಿಯ ತಿರುವು ನೋಡಿ ಶಾಸನದ ಕಾಲ ಅಂದಾಜು ಮಾಡುವುದನ್ನು ನಮಗೆ ಕಲಿಸಿದ್ದರು. ಈ ಪುಸ್ತಿಕೆಯ ಕಾಲವನ್ನು ಮಸಿಯ ಬಣ್ಣ ನೋಡಿಯೇ ಹೇಳಬಹುದು. ಐದನೆಯ ಹಾಳೆಗೂ ಆರನೆಯ ಹಾಳೆಗೂ ನಡುವೆ ನಮ್ಮ ಮನೆಯಲ್ಲಿ ಒಂದು ಘಟನೆ ನಡೆಯಿತು. ಪ್ರಿಂಟರಿನ ಕಾರ್ಟ್ರಿಜ್ ಖಾಲಿಯಾಯಿತು, ಅಪ್ಪ ಅದಕ್ಕೆ ತಾವೇ ಇಂಕು ತುಂಬಿದರು.

ಅಪ್ಪ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ನಿವೃತ್ತಿಯ ಹಣದಲ್ಲಿ ಕಂಪ್ಯೂಟರ್ ಕೊಂಡು, ಬರಹ ತಂತ್ರಾಂಶದಲ್ಲಿ ಒಂದೊಂದೇ ಬೆರಳಿನಿಂದ ಕನ್ನಡ ಟೈಪ್ ಮಾಡಲು ಕಲಿತಿದ್ದರು. 1998ರಲ್ಲಿ ಬಂದ ಬರಹ ನಮ್ಮಂಥ ಎಷ್ಟೋ ಮನೆಗಳಲ್ಲಿ ಕನ್ನಡವನ್ನು ಪ್ರೆಸ್ಸಿನ ಮೊಳೆಗಳಿಂದ ಬಿಡಿಸಿ ಮೇಜಿನ ಮೇಲಕ್ಕೆ ತಂದಿತ್ತು. ಪ್ರಿಂಟರಿಗೆ ಕೊಟ್ಟದ್ದು ಸುಮಾರು 2500 ರೂಪಾಯಿ. ಇಷ್ಟು ಅಗ್ಗವೇ ಎಂದು ಅಪ್ಪನಿಗೆ ಖುಷಿಯಾಗಿತ್ತು. ಐದನೆಯ ಪದದ ಹೊತ್ತಿಗೆ ಮಸಿ ಮುಗಿದು, ಹೊಸ ಕಪ್ಪು ಕಾರ್ಟ್ರಿಜ್‌ಗೆ 700 ರೂಪಾಯಿ ಎಂದು ಅಂಗಡಿಯವನು ಹೇಳಿದಾಗ ಆ ಖುಷಿ ಇಳಿಯಿತು. ಇನ್ನೂ 23 ಪದ ಬಾಕಿ. ಲೆಕ್ಕ ಹಾಕಿದರೆ ಪ್ರಿಂಟರಿಗಿಂತ ಮಸಿಯೇ ದುಬಾರಿ.

ಅಪ್ಪ ಖಾಲಿ ಕಾರ್ಟ್ರಿಜ್ ಬಂದಿದ್ದ ರಟ್ಟಿನ ಡಬ್ಬಿಯನ್ನು ಕನ್ನಡಕದ ಹತ್ತಿರ ಹಿಡಿದು ಓದಿದರು. 5 ಮಿಲಿಲೀಟರ್ ಎಂದಿತ್ತು. ಜೀವಮಾನವಿಡೀ ಮಿಲಿಲೀಟರ್‌ಗಳಲ್ಲೇ ಬದುಕಿದವರಿಗೆ ಅದು ಎಷ್ಟೆಂದು ಯಾರೂ ಹೇಳಬೇಕಾಗಿರಲಿಲ್ಲ. "ಒಂದು ಚಮಚ ಕೆಮ್ಮಿನ ಔಷಧಿ ಕಣೋ ಇದು" ಎಂದರು. ಆಮೇಲೆ ಇನ್ನೊಂದು ಮಾತು ಕೇಳಿದರು. "ಶೀಷೆಯಲ್ಲಿ ಔಷಧಿ ಮುಗಿದರೆ ಶೀಷೆ ಎಸೀತಾರಾ? ಖಾಲಿ ಆಗಿದ್ದು ಮಸಿ ತಾನೆ, ಕುಡಿಕೆ ನಮ್ಮದೇ ಅಲ್ವಾ?"

ನಾನಾಗ ಬೆಂಗಳೂರಿನಲ್ಲಿ ಓದುತ್ತಿದ್ದೆ. ಅಪ್ಪನ ಪ್ರಶ್ನೆಗೆ ನಕ್ಕು ಸುಮ್ಮನಾದೆ. ಆ ಪ್ರಶ್ನೆ ಆ ಹೊತ್ತಿಗೆ ಜಪಾನಿನ ನ್ಯಾಯಾಲಯಗಳಲ್ಲಿ ವಿಚಾರಣೆಯಲ್ಲಿತ್ತೆಂದು, ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಲಿದೆಯೆಂದು ನನಗೆ ಗೊತ್ತಿರಲಿಲ್ಲ.

ಮಸಿ ಮತ್ತು ಕುಡಿಕೆ ಬೇರೆಬೇರೆ ಎಂಬುದು ಅಪ್ಪನ ತಲೆಮಾರಿಗೆ ಯಾರೂ ಕಲಿಸಿಕೊಟ್ಟ ತತ್ವವಲ್ಲ, ದಿನದ ಅನುಭವ. ಅದಕ್ಕೂ ಹಿಂದೆ ಹೋದರೆ, ತಾಳೆಗರಿಯಲ್ಲಿ ಬರೆಯುವವರು ಕಂಠದಿಂದ ಅಕ್ಷರ ಕೊರೆದು ಆಮೇಲೆ ದೀಪದ ಕಾಡಿಗೆ ತಿಕ್ಕುತ್ತಿದ್ದರು. ಕೊರೆಯುವುದು ಒಂದು ಕೆಲಸ, ಕಪ್ಪು ತುಂಬುವುದು ಇನ್ನೊಂದು. ಗರಿ ಮಾಸಿದರೆ ಮತ್ತೆ ಕಾಡಿಗೆ ತಿಕ್ಕಿದರಾಯಿತು, ಅಕ್ಷರ ಎದ್ದು ಬರುತ್ತಿತ್ತು. ವ್ಯಾಪಾರಿಗಳ ಲೆಕ್ಕದ ಕಡತ ಬಟ್ಟೆಯದು. ಹುಣಸೆ ಬೀಜದ ಸರಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು ಒಣಗಿಸಿ, ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಬೇಡವಾದದ್ದನ್ನು ಒರೆಸಿ, ಮತ್ತೆ ಬಳಿದು, ಮತ್ತೆ ಬರೆಯಬಹುದಿತ್ತು. ಕಾಗದ ಬಂದ ಮೇಲೆ ಕಾಡಿಗೆಗೆ ಗೋಂದು ಸೇರಿಸಿ ಅರೆದ ಮಸಿಯೂ ಬಂತು, ಮಸಿಕುಡಿಕೆಯೂ ಬಂತು. ಕುಡಿಕೆ ಎಂದರೇ ಮತ್ತೆ ಮತ್ತೆ ತುಂಬುವಂಥದ್ದು.

ಅಪ್ಪ ಶಾಲೆಗೆ ಹೋಗುವಾಗ ಇಂಕಿನ ಪುಡಿ ಮತ್ತು ಗುಳಿಗೆಗಳು ಸಿಗುತ್ತಿದ್ದವು. ಈಗ ಕ್ಯಾಮ್ಲಿನ್ ಎಂದು ನಾವು ಕರೆಯುವ ಕಂಪನಿ 1931ರಲ್ಲಿ ಬೊಂಬಾಯಿಯಲ್ಲಿ ಶುರುವಾದದ್ದೇ ಕುದುರೆ ಮಾರ್ಕಿನ ಇಂಕು ಪುಡಿಯಿಂದ. ನೀರಿಗೆ ಹಾಕಿ ಕಲಕಿದರೆ ದೌತಿ ತುಂಬ ಶಾಯಿ. ಪರೀಕ್ಷೆಯ ದಿನ ಪೆನ್ನು ಖಾಲಿಯಾದರೆ ಶಾಲೆಯ ಎದುರಿನ ಅಂಗಡಿಯಲ್ಲಿ ಐದು ಪೈಸೆಗೆ ಇಂಕು ಹಾಕಿಕೊಡುತ್ತಿದ್ದರಂತೆ. ಪಕ್ಕದಲ್ಲಿ ಕುಳಿತವನು ತನ್ನ ಪೆನ್ನಿನಿಂದ ನಾಲ್ಕು ಹನಿ ಸಾಲ ಕೊಟ್ಟದ್ದೂ ಉಂಟು. ಬಾಲ್ ಪೆನ್ನು ಬಂದಾಗ 'ರೀಫಿಲ್' ಎಂಬ ಮಾತು ಕನ್ನಡಕ್ಕೆ ಬಂದು ಊರೂರಿನಲ್ಲಿ ನೆಲೆಯಾಯಿತು. ಆಸ್ಪತ್ರೆಯ ಮೊಹರಿನ ಪ್ಯಾಡು ಒಣಗಿದರೆ ಅಪ್ಪ ಸ್ಪಂಜಿನ ಮೇಲೆ ನಾಲ್ಕು ಹನಿ ನೇರಳೆ ಮಸಿ ಬಿಟ್ಟು, ಮುಚ್ಚಳ ಹಾಕಿ ಒಂದು ಗಳಿಗೆ ಬಿಡುತ್ತಿದ್ದರು. ಇಷ್ಟೆಲ್ಲ ಮಾಡಿದವರಿಗೆ ಮಸಿ ಮುಗಿದ ಕೂಡಲೇ ಕುಡಿಕೆಯನ್ನೂ ಲೇಖನಿಯನ್ನೂ ಒಟ್ಟಿಗೆ ತಿಪ್ಪೆಗೆ ಎಸೆಯಬೇಕೆಂದರೆ ನಂಬುವುದು ಕಷ್ಟ.

ಆದರೆ ಕುಡಿಕೆ ಮತ್ತು ಲೇಖನಿ ಒಂದಾದದ್ದು ಬರೀ ಲಾಭದ ಆಸೆಯಿಂದಲ್ಲ. ಅದಕ್ಕೊಂದು ಕತೆಯಿದೆ.

ಮಸಿಯನ್ನು ಕಾಗದಕ್ಕೆ ಮುಟ್ಟಿಸದೆ ಚಿಮ್ಮಿಸುವ ಯೋಚನೆ ಹಳೆಯದು. ಸಮುದ್ರದಡಿಯ ತಂತಿಯಲ್ಲಿ ಬರುವ ಕ್ಷೀಣ ಸಂಕೇತಗಳನ್ನು ದಾಖಲಿಸಲು ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು, 1867ರಲ್ಲಿ ಒಂದು ಯಂತ್ರಕ್ಕೆ ಪೇಟೆಂಟ್ ಪಡೆದರು. ಕೂದಲಿನಷ್ಟು ಸಣ್ಣ ಗಾಜಿನ ಕೊಳವೆಯಿಂದ ಮಸಿ ವಿದ್ಯುತ್ತಿನ ಸೆಳೆತಕ್ಕೆ ಹನಿಹನಿಯಾಗಿ ಹೊರಬಂದು, ಓಡುವ ಕಾಗದದ ಪಟ್ಟಿಯ ಮೇಲೆ ಗೆರೆ ಎಳೆಯುತ್ತಿತ್ತು. 1951ರಲ್ಲಿ ಸ್ವೀಡನ್ನಿನ ರೂನೆ ಎಲ್ಮ್‌ಕ್ವಿಸ್ಟ್ ಮಸಿ ಚಿಮ್ಮಿಸಿ ಹೃದಯದ ಬಡಿತದಂಥ ಸಂಕೇತಗಳನ್ನು ಬರೆಯುವ ಯಂತ್ರಕ್ಕೆ ಪೇಟೆಂಟ್ ಪಡೆದರು. ವೈದ್ಯರೂ ಎಂಜಿನಿಯರೂ ಆಗಿದ್ದ ಇವರೇ 1958ರಲ್ಲಿ ಮನುಷ್ಯನ ದೇಹದೊಳಗೆ ಕೂರಿಸಿದ ಮೊದಲ ಪೇಸ್‌ಮೇಕರನ್ನೂ ಮಾಡಿದವರು. ಪ್ರಿಂಟರಿನ ವಂಶವೃಕ್ಷದಲ್ಲಿ ಆಸ್ಪತ್ರೆಯ ಕೊಂಬೆಯೊಂದಿದೆ ಎಂದು ಗೊತ್ತಾಗಿದ್ದರೆ ಅಪ್ಪನಿಗೆ ಇಷ್ಟವಾಗುತ್ತಿತ್ತು.

ಅದಕ್ಕಿಂತಲೂ ಇಷ್ಟವಾಗಬಹುದಾದ ಸಂಗತಿ 1977ರದ್ದು. ಜಪಾನಿನ ಕ್ಯಾನನ್ ಕಂಪನಿಯ ಪ್ರಯೋಗಾಲಯದಲ್ಲಿ ಇಚಿರೊ ಎಂಡೊ ಎಂಬ ಸಂಶೋಧಕ ಕೆಲಸ ಮಾಡುತ್ತಿದ್ದಾಗ, ಮಸಿ ತುಂಬಿದ್ದ ಸಿರಿಂಜಿನ ಸೂಜಿಗೆ ಬಿಸಿಯಾದ ಬೆಸುಗೆಕಡ್ಡಿ ಆಕಸ್ಮಿಕವಾಗಿ ತಾಗಿತು. ಸೂಜಿಯ ತುದಿಯಿಂದ ಮಸಿ ಚಿಳ್ಳನೆ ಚಿಮ್ಮಿತು. ಮಸಿಯನ್ನು ತಳ್ಳಲು ಒತ್ತಡ ಬೇಕಿಲ್ಲ, ಕ್ಷಣಮಾತ್ರದ ಬಿಸಿ ಸಾಕು ಎಂಬುದು ಅಲ್ಲಿಂದ ಹೊಳೆಯಿತು. ಕ್ಯಾನನ್ ಇದನ್ನು ಬಬಲ್ ಜೆಟ್ ಎಂದು ಕರೆದು 1985ರಲ್ಲಿ ಬಿಜೆ-80 ಎಂಬ ಪ್ರಿಂಟರ್ ತಂದಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಅಮೆರಿಕದ ಹ್ಯೂಲೆಟ್ ಪ್ಯಾಕರ್ಡ್, ಅಂದರೆ ಎಚ್‌ಪಿ ಕಂಪನಿಯಲ್ಲಿ ಜಾನ್ ವಾಟ್ ಮತ್ತು ಡೇವ್ ಡೊನಾಲ್ಡ್ ಇಬ್ಬರೂ ಸ್ವತಂತ್ರವಾಗಿ ಇದೇ ಜಾಡಿಗೆ ಬಂದಿದ್ದರು. ಅವರ ಥಿಂಕ್‌ಜೆಟ್ 1984ರಲ್ಲಿ ಮಾರುಕಟ್ಟೆಗೆ ಬಂತು.

ಇದು ಕೆಲಸ ಮಾಡುವ ಬಗೆ ಅಡುಗೆಮನೆಯಲ್ಲಿ ನಾವು ಕಾಣುವ ಕುದಿತದಂಥದ್ದೇ. ಕೂದಲೆಳೆಗಿಂತ ಸಣ್ಣ ತೂತು, ಅದರ ಹಿಂದೆ ಮಸಿ, ಮಸಿಯ ಅಡಿಯಲ್ಲಿ ಒಂದು ಪುಟ್ಟ ಬಿಸಿಪಟ್ಟಿ. ಸೆಕೆಂಡಿನ ಹತ್ತು ಲಕ್ಷದ ಕೆಲವೇ ಭಾಗಗಳಲ್ಲಿ ಆ ಪಟ್ಟಿ ಸುಮಾರು 300 ಡಿಗ್ರಿಗೆ ಕಾಯುತ್ತದೆ. ಅದನ್ನು ತಾಗಿದ ಮಸಿಯ ತೆಳು ಪದರ ಆವಿಯಾಗಿ ಗುಳ್ಳೆ ಏಳುತ್ತದೆ. ಗುಳ್ಳೆ ದೂಡಿದ ಒಂದು ಹನಿ ಹೊರಗೆ ಹಾರುತ್ತದೆ. ಗುಳ್ಳೆ ಕುಸಿದಾಗ ಆ ಜಾಗಕ್ಕೆ ಹೊಸ ಮಸಿ ಹರಿದು ಬರುತ್ತದೆ. ಇದು ಸೆಕೆಂಡಿಗೆ ಸಾವಿರಾರು ಸಲ ನಡೆಯುತ್ತದೆ. ಹನಿಯನ್ನು ಅಳೆಯುವುದು ಪಿಕೊಲೀಟರಿನಲ್ಲಿ, ಅಂದರೆ ಒಂದು ಲೀಟರಿನ ಲಕ್ಷ ಕೋಟಿಯಲ್ಲೊಂದು ಭಾಗದಲ್ಲಿ.

ಇಷ್ಟು ಸೂಕ್ಷ್ಮವಾದ ತೂತು ಒಣಗಿದ ಮಸಿಯಿಂದ ಕಟ್ಟಿಕೊಳ್ಳದೆ ಇರುತ್ತದೆಯೇ? ಕೋಟಿಗಟ್ಟಲೆ ಸಲ ಕಾದು ತಣಿದ ಬಿಸಿಪಟ್ಟಿ ಸುಟ್ಟುಹೋಗದೆ ಇರುತ್ತದೆಯೇ? ಎಚ್‌ಪಿಯ ಎಂಜಿನಿಯರುಗಳು ಕಂಡುಕೊಂಡ ಉಪಾಯ ಸರಳವಾಗಿತ್ತು. ಚಿಮ್ಮುವ ತಲೆಯನ್ನೂ ಮಸಿಯ ಚೀಲವನ್ನೂ ಒಂದೇ ಡಬ್ಬಿಯಲ್ಲಿ ಸೇರಿಸಿಬಿಡುವುದು. ಮಸಿ ಮುಗಿದಾಗ ತಲೆಯನ್ನೂ ಎಸೆಯುವುದು, ಹೊಸ ಮಸಿಯ ಜೊತೆಗೆ ಹೊಸ ತಲೆ. ಆಗ ಕಟ್ಟಿಕೊಳ್ಳುವ ತೊಂದರೆಗೂ ಸವೆಯುವ ತೊಂದರೆಗೂ ಒಂದೇ ಮದ್ದು. ಬಳಸಿ ಎಸೆಯುವ ಕಾರ್ಟ್ರಿಜ್ ಹುಟ್ಟಿದ್ದು ನಿಜವಾದ ಒಂದು ಕಷ್ಟಕ್ಕೆ ಪರಿಹಾರವಾಗಿ. ಎಪ್ಸನ್ ಬೇರೆ ದಾರಿ ಹಿಡಿಯಿತು. ವಿದ್ಯುತ್ತಿಗೆ ಬಾಗುವ ಪೀಜೊ ಹರಳಿನಿಂದ ಹನಿಯನ್ನು ದೂಡಿ, ತಲೆಯನ್ನು ಪ್ರಿಂಟರಿನಲ್ಲೇ ಖಾಯಂ ಆಗಿ ಉಳಿಸಿಕೊಂಡಿತು. ಅಲ್ಲಿ ಕಾರ್ಟ್ರಿಜ್ ಎಂದರೆ ಬರೀ ಮಸಿಯ ಡಬ್ಬಿ.

ಪರಿಹಾರವಾಗಿ ಬಂದದ್ದು ವ್ಯಾಪಾರದ ಬೆನ್ನೆಲುಬಾದದ್ದು ಆಮೇಲೆ. 1988ರಲ್ಲಿ ಎಚ್‌ಪಿಯ ಡೆಸ್ಕ್‌ಜೆಟ್ ಬಂದಾಗ ಅದರ ಬೆಲೆ ಸಾವಿರ ಡಾಲರಿನ ಹತ್ತಿರ ಇತ್ತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಇಂಕ್‌ಜೆಟ್ ಪ್ರಿಂಟರುಗಳು ನೂರು ಡಾಲರಿಗೂ ಸಿಗತೊಡಗಿದವು. ಪ್ರಿಂಟರ್ ಅಗ್ಗವಾದಷ್ಟೂ ಮಸಿಯಿಂದ ಲಾಭ ಎತ್ತುವ ಲೆಕ್ಕ ಗಟ್ಟಿಯಾಯಿತು. ಇದನ್ನು ಜಿಲೆಟ್ ಮಾದರಿ ಎನ್ನುವುದು ರೂಢಿ, ಹಿಡಿ ಅಗ್ಗಕ್ಕೆ ಕೊಟ್ಟು ಬ್ಲೇಡಿನಲ್ಲಿ ಗಳಿಸುವುದು. ತಮಾಷೆಯೆಂದರೆ, ಜಿಲೆಟ್ ಕಂಪನಿ ತನ್ನ ಪೇಟೆಂಟಿನ ಕಾಲದಲ್ಲಿ ಹಿಡಿಯನ್ನು ದುಬಾರಿಗೇ ಮಾರುತ್ತಿತ್ತೆಂದು ಆಮೇಲೆ ಇತಿಹಾಸ ಕೆದಕಿದವರು ತೋರಿಸಿದ್ದಾರೆ. ಬ್ಲೇಡಿನ ಕತೆ ಹಾಗಿರಲಿ, ಪ್ರಿಂಟರಿನ ಕತೆಯಂತೂ ನಮ್ಮ ಮನೆಯ ಲೆಕ್ಕದ ಪುಸ್ತಕದಲ್ಲೇ ಇತ್ತು.

ಮುಂದಿನ ಶನಿವಾರ ಊರಿಗೆ ಹೋಗುವಾಗ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ 100 ಮಿಲಿಲೀಟರಿನ ಕಪ್ಪು ಇಂಕಿನ ಬಾಟಲಿಯೊಂದನ್ನು ಕೊಂಡೊಯ್ದೆ. ಬೆಲೆ ಒಂದು ಕಾರ್ಟ್ರಿಜ್‌ನ ಕಾಲು ಭಾಗವೂ ಇರಲಿಲ್ಲ. ಇಪ್ಪತ್ತು ಸಲ ತುಂಬಬಹುದಾದಷ್ಟು ಮಸಿ. ಅಪ್ಪ ಅಷ್ಟರಲ್ಲಿ ತಮ್ಮ ಹಳೆಯ ಡಬ್ಬಿಯಿಂದ ಸಿರಿಂಜುಗಳನ್ನು ತೆಗೆದು ಕುದಿಸಿಟ್ಟಿದ್ದರು. ದನಕ್ಕೆ ಚುಚ್ಚುವ ಸೂಜಿ ದಪ್ಪವಾಯಿತೆಂದು ಮೆಡಿಕಲ್ ಸ್ಟೋರಿನಿಂದ ಸಣ್ಣದೊಂದನ್ನು ತರಿಸಿದ್ದರು.

ಕಾರ್ಟ್ರಿಜ್‌ನ ತಲೆಯ ಮೇಲಿನ ಚೀಟಿಯನ್ನು ಉಗುರಿನಿಂದ ಎಬ್ಬಿಸಿದರೆ ಅಡಿಯಲ್ಲಿ ಗಾಳಿಗಾಗಿ ಬಿಟ್ಟ ಸಣ್ಣ ತೂತುಗಳು. ಒಳಗೆ ಸ್ಪಂಜು. "ಮೊಹರಿನ ಪ್ಯಾಡೇ ಇದು" ಎಂದರು ಅಪ್ಪ. ಅದು ಅಷ್ಟು ಸರಳವಾಗಿರಲಿಲ್ಲ. ಆ ಸ್ಪಂಜು ಮಸಿಯನ್ನು ಹೀರಿ ಹಿಡಿದುಕೊಳ್ಳುವುದರಿಂದ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಒಂದಿಷ್ಟು ಕಡಿಮೆ ಇರುತ್ತದೆ, ಹಾಗಾಗಿ ಮಸಿ ತಾನಾಗಿ ತೊಟ್ಟಿಕ್ಕುವುದಿಲ್ಲ. ಹೆಚ್ಚು ತುಂಬಿದರೆ ಆ ಹಿಡಿತ ತಪ್ಪುತ್ತದೆ. ಬೇಗ ತುಂಬಿದರೆ ಒಳಗೆ ಗಾಳಿ ಸಿಕ್ಕಿಕೊಂಡು ಮಸಿ ತೂತಿನವರೆಗೆ ಇಳಿಯುವುದಿಲ್ಲ. ಪೂರ್ತಿ ಒಣಗಿಸಿದರೆ ತಂಪು ಕೊಡಲು ಮಸಿ ಇಲ್ಲದೆ ಬಿಸಿಪಟ್ಟಿಗಳೇ ಸುಟ್ಟುಹೋಗುತ್ತವೆ.

ಇದೊಂದೂ ಗೊತ್ತಿಲ್ಲದ ಅಪ್ಪ ಮೊದಲ ಸಲ ಏಳೆಂಟು ಮಿಲಿಲೀಟರ್ ನುಗ್ಗಿಸಿದರು. ಮಸಿ ಕೆಳಗಿಂದ ಸೋರಿ ಮೇಜು, ಅಲ್ಲಿಂದ ಗಾರೆ ನೆಲ, ಅಲ್ಲಿಂದ ಅಮ್ಮ ಒಣಹಾಕಲು ಮಡಿಸಿಟ್ಟಿದ್ದ ಪಂಚೆ. "ದನಗಳಿಗೆ ಚುಚ್ಚಿದ್ದು ಸಾಲ್ದು ಅಂತ ಇದಕ್ಕೂ ಶುರು ಮಾಡಿದ್ರಾ?" ಎಂದರು ಅಮ್ಮ. ಎರಡನೆಯ ಸಲ ಅಪ್ಪ ಹಸುವಿನ ನರಕ್ಕೆ ಔಷಧಿ ಏರಿಸುವ ನಿಧಾನದಲ್ಲಿ ತುಂಬಿದರು. ಸೂಜಿಯನ್ನು ಸ್ಪಂಜಿನ ಆಳಕ್ಕಿಳಿಸಿ, ಒಂದೊಂದೇ ಹನಿ ಬಿಡುತ್ತ, ಮೇಲೆ ಮಸಿ ಜಿನುಗಿದ ಕೂಡಲೇ ಒಂದು ಚೂರು ಹಿಂದಕ್ಕೆಳೆದರು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯ ಮೇಲೆ ತಲೆಯನ್ನು ಒತ್ತಿದರು. ಪ್ರಿಂಟರ್ ಮಾತ್ರ ಮಸಿ ಖಾಲಿಯಾಗಿದೆ ಎಂದು ಹೇಳುತ್ತಲೇ ಇತ್ತು. ಎಷ್ಟು ಹನಿ ಹಾರಿಸಿದೆ ಎಂದು ಎಣಿಸಿ ಲೆಕ್ಕ ಇಡುವ ಯಂತ್ರಕ್ಕೆ, ಯಾರೋ ಹಿಂಬಾಗಿಲಿನಿಂದ ಮಸಿ ತಂದದ್ದು ತಿಳಿಯುವುದಾದರೂ ಹೇಗೆ? ಅಪ್ಪ ಆ ಎಚ್ಚರಿಕೆಗೆ ಸರಿ ಒತ್ತಿ ಮುಂದುವರಿದರು. ಆರನೆಯ ಹಾಳೆ ಹೊರಬಂತು.

ಕೆಲವು ತೂತುಗಳು ಕಟ್ಟಿಕೊಂಡಿದ್ದರಿಂದ ಆ ಹಾಳೆಯಲ್ಲಿ ಸಾಲಿನುದ್ದಕ್ಕೂ ತೆಳುವಾದ ಬಿಳಿ ಗೆರೆಗಳು. ಇಂಗ್ಲಿಷಾಗಿದ್ದರೆ ಹೇಗೋ ಓದಿಕೊಳ್ಳಬಹುದಿತ್ತು. ಕನ್ನಡದಲ್ಲಿ ಒಂದು ಸಣ್ಣ ಗೀಟು ಹೋದರೆ ಅಕ್ಷರವೇ ಬೇರೆ. 'ಷ'ದ ಹೊಟ್ಟೆಯ ಗೆರೆ ಮಾಯವಾಗಿ 'ಪ' ಆಗಿತ್ತು. 'ಧ'ದ ಅಡಿಯ ಸೀಳು ಹೋಗಿ ಒಂದು ಕಡೆ 'ಧನ' ಎಂಬುದು 'ದನ' ಆಗಿತ್ತು. ನಾನು ಮತ್ತೆ ಪ್ರಿಂಟ್ ಮಾಡೋಣ ಎಂದೆ. ಅಪ್ಪ ನಕ್ಕರು. "ಬಿಡೋ, ನಮ್ಮವ್ವ ಯಾವತ್ತು ಮಹಾಪ್ರಾಣ ಹೇಳಿದ್ಲು? ಅವಳು ಹಾಡಿದ್ದೂ ದನ ಅಂತಲೇ." ಆ ಹಾಳೆ ಹಾಗೆಯೇ ಪುಸ್ತಿಕೆಯಲ್ಲಿದೆ.

ಅಪ್ಪನ ಮೇಜಿನ ಮೇಲೆ ಇದು ನಡೆಯುತ್ತಿದ್ದ ವರ್ಷವೇ, 2006ರ ಜನವರಿಯಲ್ಲಿ, ಜಪಾನಿನ ಬೌದ್ಧಿಕ ಆಸ್ತಿಯ ಹೈಕೋರ್ಟು ಒಂದು ತೀರ್ಪು ಕೊಟ್ಟಿತ್ತು. ರೀಸೈಕಲ್ ಅಸಿಸ್ಟ್ ಎಂಬ ಕಂಪನಿ ಕ್ಯಾನನ್‌ನ ಬಳಸಿದ ಕಾರ್ಟ್ರಿಜ್‌ಗಳಿಗೆ ಮಸಿ ತುಂಬಿದ್ದನ್ನು ಹೊರಗಿನಿಂದ ತರಿಸಿ ಮಾರುತ್ತಿತ್ತು. ಕ್ಯಾನನ್ ದಾವೆ ಹೂಡಿತು. 2004ರಲ್ಲಿ ಟೋಕಿಯೊದ ಜಿಲ್ಲಾ ನ್ಯಾಯಾಲಯ, ಇದು ದುರಸ್ತಿಗೆ ಸಮಾನ, ತಪ್ಪಿಲ್ಲ ಎಂದಿತು. ಹೈಕೋರ್ಟು ಅದನ್ನು ತಿರುಗಿಸಿತು. 2007ರ ನವೆಂಬರ್ 8ರಂದು ಜಪಾನಿನ ಸುಪ್ರೀಂ ಕೋರ್ಟು ಕ್ಯಾನನ್ ಪರವಾಗಿ ಮೊಹರು ಒತ್ತಿತು. ಕಾರ್ಟ್ರಿಜ್‌ಗೆ ತೂತು ಕೊರೆದು, ಒಳಗೆ ಒಣಗಿದ ಮಸಿಯನ್ನು ತೊಳೆದು, ಹೊಸ ಮಸಿ ತುಂಬಿ, ತೂತು ಮುಚ್ಚಿದರೆ ಅದು ಹಳೆಯ ವಸ್ತುವಿನ ದುರಸ್ತಿಯಲ್ಲ, ಪೇಟೆಂಟ್ ಇರುವ ವಸ್ತುವನ್ನು ಹೊಸದಾಗಿ ತಯಾರಿಸಿದ ಹಾಗೆ ಎಂಬುದು ಅದರ ತರ್ಕ. ಕ್ಯಾನನ್‌ನ ಪೇಟೆಂಟ್ ಇದ್ದದ್ದು ಮಸಿ ಸೋರದಂತೆ ತಡೆಯುವ ಒಳಗಿನ ಸ್ಪಂಜುಗಳ ಏರ್ಪಾಟಿಗೆ, ಅಪ್ಪ ಮೊಹರಿನ ಪ್ಯಾಡೆಂದು ಕರೆದಂಥದ್ದೇ ಒಂದಕ್ಕೆ. ತೀರ್ಪು ಮಾರುವವರ ಕುರಿತದ್ದು, ಮನೆಯಲ್ಲಿ ತಮಗಾಗಿ ತುಂಬಿಕೊಳ್ಳುವವರ ಕುರಿತದ್ದಲ್ಲ. ಆದರೂ ಕುಡಿಕೆ ನಮ್ಮದೇ ಅಲ್ವಾ ಎಂಬ ಪ್ರಶ್ನೆಗೆ ಅದು ಪೂರ್ತಿ ಹೌದು ಎನ್ನಲಿಲ್ಲ.

ಹತ್ತು ವರ್ಷದ ನಂತರ ಅಮೆರಿಕ ಇನ್ನೊಂದು ಉತ್ತರ ಕೊಟ್ಟಿತು. ಅಲ್ಲಿ ಲೆಕ್ಸ್‌ಮಾರ್ಕ್ ಕಂಪನಿ ತನ್ನ ಲೇಸರ್ ಪ್ರಿಂಟರುಗಳ ಟೋನರ್ ಕಾರ್ಟ್ರಿಜ್‌ಗಳನ್ನು ಎರಡು ಬೆಲೆಗೆ ಮಾರುತ್ತಿತ್ತು. ಒಮ್ಮೆ ಮಾತ್ರ ಬಳಸಿ ಕಂಪನಿಗೇ ಹಿಂತಿರುಗಿಸುತ್ತೇನೆ ಎಂದು ಒಪ್ಪಿದವರಿಗೆ ಸುಮಾರು 20 ಶೇಕಡಾ ರಿಯಾಯಿತಿ. ಅಂಥ ಖಾಲಿ ಡಬ್ಬಿಗಳನ್ನು ಕೊಂಡು ಮತ್ತೆ ತುಂಬಿ ಮಾರುತ್ತಿದ್ದ ಇಂಪ್ರೆಷನ್ ಪ್ರಾಡಕ್ಟ್ಸ್ ಎಂಬ ಪುಟ್ಟ ಸಂಸ್ಥೆಯ ಮೇಲೆ ಲೆಕ್ಸ್‌ಮಾರ್ಕ್ ಪೇಟೆಂಟ್ ದಾವೆ ಹಾಕಿತು. 2017ರ ಮೇ 30ರಂದು ಸುಪ್ರೀಂ ಕೋರ್ಟು ಲೆಕ್ಸ್‌ಮಾರ್ಕ್ ವಿರುದ್ಧ ತೀರ್ಪಿತ್ತಿತು. ವಸ್ತುವನ್ನು ಮಾರಿದ ಕ್ಷಣಕ್ಕೆ ಅದರ ಮೇಲಿನ ಪೇಟೆಂಟ್ ಹಕ್ಕು ಮುಗಿಯಿತು, ಏನೇ ಷರತ್ತು ಹಾಕಿದ್ದರೂ ಸರಿ. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಹಳೆಯ ಕಾರುಗಳನ್ನು ರಿಪೇರಿ ಮಾಡಿ ಮಾರುವ ಗ್ಯಾರೇಜಿನ ಉದಾಹರಣೆ ಕೊಟ್ಟರು. ಕಾರಿನ ಒಂದೊಂದು ಬಿಡಿಭಾಗದ ತಯಾರಕನೂ ಮಾರಾಟದ ಮೇಲೂ ಹಕ್ಕು ಸಾಧಿಸುತ್ತ ಹೋದರೆ ಅಂಥ ಗ್ಯಾರೇಜು ನಡೆಯುವುದು ಹೇಗೆ ಎಂಬುದು ಅವರ ಮಾತಿನ ತಿರುಳು. ಅರಸೀಕೆರೆಯ ಯಾವ ಮೆಕ್ಯಾನಿಕ್ಕಿಗಾದರೂ ಈ ಉದಾಹರಣೆಯನ್ನು ವಿವರಿಸಬೇಕಾಗಿಲ್ಲ.

ಎರಡೂ ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ಓದಿದಾಗ ನನಗೆ ಕಂಡದ್ದು ಇಷ್ಟು. ಜಪಾನಿನ ನ್ಯಾಯಾಲಯ ತುಂಬುವ ಕೈ ಏನೇನು ಮಾಡಿತು ಎಂದು ನೋಡಿತು. ಅಮೆರಿಕದ ನ್ಯಾಯಾಲಯ ಮಾರಿದ ಕೈ ಏನನ್ನು ಬಿಟ್ಟುಕೊಟ್ಟಿತು ಎಂದು ನೋಡಿತು. ಆದರೆ ನ್ಯಾಯಾಲಯ ಬೇಡವೆಂದದ್ದನ್ನು ಚಿಪ್ ಮಾಡಬಲ್ಲದು. ಕಾರ್ಟ್ರಿಜ್‌ಗೆ ಅಂಟಿಸಿದ ಬೆರಳುಗುರಿನಷ್ಟು ಚಿಪ್ ತಾನು ಯಾರು, ತನ್ನಲ್ಲಿ ಎಷ್ಟು ಮಸಿಯಿದೆ ಎಂದು ಪ್ರಿಂಟರಿಗೆ ಹೇಳುತ್ತದೆ. ಪ್ರಿಂಟರಿಗೆ ಒಪ್ಪಿಗೆಯಾಗದಿದ್ದರೆ ಕೆಲಸ ನಿಂತಿತು. 2016ರ ಸೆಪ್ಟೆಂಬರ್ 13ರಂದು ಎಚ್‌ಪಿಯ ಹಲವು ಮಾದರಿಯ ಪ್ರಿಂಟರುಗಳು ಬೇರೆಯವರ ಚಿಪ್ ಇದ್ದ ಕಾರ್ಟ್ರಿಜ್‌ಗಳನ್ನು ಇದ್ದಕ್ಕಿದ್ದಂತೆ ನಿರಾಕರಿಸತೊಡಗಿದವು. ಹಿಂದಿನ ದಿನದವರೆಗೂ ಅವೇ ಕಾರ್ಟ್ರಿಜ್‌ಗಳಲ್ಲಿ ಪ್ರಿಂಟ್ ಮಾಡುತ್ತಿದ್ದ ಯಂತ್ರಗಳು ಅವು. ಮೊದಲೇ ಒಳಗೆ ಸೇರಿಸಿಟ್ಟಿದ್ದ ತಂತ್ರಾಂಶ ಆ ದಿನ ಎಚ್ಚರಗೊಂಡಿತ್ತು. ಗಲಾಟೆಯಾದ ಮೇಲೆ ಕಂಪನಿ, ತಾನು ಸರಿಯಾಗಿ ತಿಳಿಸಲಿಲ್ಲವೆಂದು ಕ್ಷಮೆ ಕೇಳಿ, ಬೇಕಾದವರಿಗೆ ಆ ತಡೆಯನ್ನು ತೆಗೆಯುವ ತಂತ್ರಾಂಶ ಕೊಟ್ಟಿತು. ಡಬ್ಬಿಯಷ್ಟೇ ಅಲ್ಲ, ದುಡ್ಡು ಕೊಟ್ಟು ಕೊಂಡು ಮೇಜಿನ ಮೇಲೆ ಇಟ್ಟುಕೊಂಡ ಯಂತ್ರವಾದರೂ ನಮ್ಮದು ಹೌದೇ ಎಂಬ ಪ್ರಶ್ನೆ ಆ ದಿನ ಎದ್ದಿತು.

ಇದರ ನಡುವೆಯೇ ಇನ್ನೊಂದು ಕಡೆ, ನ್ಯಾಯಾಲಯಗಳಿಂದ ದೂರದಲ್ಲಿ, ಜನ ತಮ್ಮ ತೀರ್ಪನ್ನು ತಾವೇ ಕೊಟ್ಟಿದ್ದರು. ಇಂಡೊನೇಷ್ಯಾದಲ್ಲಿ, ನಮ್ಮಲ್ಲಿ, ಇಂಥ ಎಷ್ಟೋ ದೇಶಗಳಲ್ಲಿ ಜೆರಾಕ್ಸ್ ಅಂಗಡಿಯವರು ಪ್ರಿಂಟರಿನ ಪಕ್ಕದಲ್ಲಿ ಮಸಿಯ ಬಾಟಲಿಗಳನ್ನು ನಿಲ್ಲಿಸಿ, ಸಲೈನ್ ಕೊಳವೆಯಂಥ ನಳಿಕೆಗಳಿಂದ ಮಸಿಯನ್ನು ನೇರವಾಗಿ ಒಳಗೆ ಹರಿಸುತ್ತಿದ್ದರು. ಕಂಪನಿಗಳು ಇದನ್ನು ಕಾಣದೆ ಇರಲಿಲ್ಲ. 2010ರಲ್ಲಿ ಎಪ್ಸನ್ ಇಂಡೊನೇಷ್ಯಾದಲ್ಲಿ ತಾನೇ ಟ್ಯಾಂಕ್ ಕೂರಿಸಿದ ಪ್ರಿಂಟರನ್ನು ಮಾರುಕಟ್ಟೆಗೆ ಬಿಟ್ಟಿತು. ಆಮೇಲೆ ಅದು ಭಾರತಕ್ಕೂ ಬಂತು. ಪ್ರಿಂಟರ್ ದುಬಾರಿ, ಮಸಿ ಅಗ್ಗ, ಬಾಟಲಿಯಿಂದ ಸುರಿದುಕೊಂಡರಾಯಿತು. ಮುಂದಿನ ವರ್ಷಗಳಲ್ಲಿ ಕ್ಯಾನನ್ ಮತ್ತು ಎಚ್‌ಪಿ ಕೂಡ ಅದೇ ದಾರಿಗೆ ಬಂದವು. ಹಳೆಯ ಲೆಕ್ಕ ತಲೆಕೆಳಗಾಗಿತ್ತು.

ಕಳೆದ ವರ್ಷ ನಾನು ಅಂಥದೊಂದನ್ನು ಕೊಂಡೆ. ಅಪ್ಪ ಈಗ ನನ್ನ ಜೊತೆಯಲ್ಲೇ ಇದ್ದಾರೆ. ಕೈ ನಡುಗುತ್ತದೆ, ಸಿರಿಂಜು ಹಿಡಿಯುವ ಹಾಗಿಲ್ಲ. ನಾನು ಬಾಟಲಿಯ ಮೂತಿಯನ್ನು ಟ್ಯಾಂಕಿಗೆ ಬಗ್ಗಿಸಿದಾಗ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಮಸಿ ಗುಳುಗುಳು ಇಳಿದು ಗೆರೆಯ ಹತ್ತಿರ ಬಂದು ನಿಂತಿತು. "ಸುತ್ತಿ ಸುತ್ತಿ ದೌತಿಗೇ ಬಂದ್ರಲ್ಲೋ" ಎಂದರು.

ಹಾಗೆಂದು ಅಪ್ಪನ ಸಿರಿಂಜು ಗೆದ್ದಿತು ಎಂದು ಬರೆದು ಮುಗಿಸಲು ಮೇಜಿನ ಮೇಲಿನ ಪುಸ್ತಿಕೆ ಬಿಡುತ್ತಿಲ್ಲ. ಮೊದಲ ಐದು ಹಾಳೆಗಳು ಏಕೆ ಕಪ್ಪಗೆ ಉಳಿದವು? ಆ ಕಾರ್ಟ್ರಿಜ್‌ನೊಳಗಿನ ಕಪ್ಪು ಪಿಗ್ಮೆಂಟಿನದು. ಅದು ನೀರಿನಲ್ಲಿ ಕರಗದ ಸೂಕ್ಷ್ಮ ಕಣಗಳ ಮಸಿ, ತಾಳೆಗರಿಯ ಕಾಡಿಗೆಯ ದೂರದ ನೆಂಟ. ಕಣಗಳು ಕಾಗದದ ಎಳೆಗಳ ಮೇಲೆ ಕೂರುತ್ತವೆ, ಬೆಳಕಿಗೆ ಬೇಗ ಸೋಲುವುದಿಲ್ಲ. ನಾನು ಎಸ್.ಪಿ. ರಸ್ತೆಯಿಂದ ತಂದದ್ದು ನೀರಿನಲ್ಲಿ ಕರಗುವ ಬಣ್ಣದ ಮಸಿ. ಅದು ಅಗ್ಗ, ತೂತುಗಳನ್ನು ಅಷ್ಟಾಗಿ ಕಟ್ಟುವುದಿಲ್ಲ, ಆದರೆ ಬೆಳಕು ಮತ್ತು ಗಾಳಿ ಅದರ ಅಣುಗಳನ್ನು ಮುರಿಯುತ್ತಾ ಹೋಗುತ್ತವೆ. ಒಂದು ಹನಿ ನೀರು ಬಿದ್ದರೂ ಅಕ್ಷರ ಹರಡುತ್ತದೆ. ಬಾಟಲಿಯ ಮೇಲೆ ಇದ್ದದ್ದು 'ಕಪ್ಪು' ಎಂಬ ಒಂದೇ ಮಾತು. ಎಂಥ ಕಪ್ಪು ಎಂದು ನಾನೂ ಕೇಳಲಿಲ್ಲ, ಅಂಗಡಿಯವನೂ ಹೇಳಲಿಲ್ಲ. 700 ರೂಪಾಯಿಯಲ್ಲಿ ಎಷ್ಟು ಲಾಭದ ಪಾಲು, ಎಷ್ಟು ಬಾಳಿಕೆಯ ಪಾಲು ಎಂದು ಡಬ್ಬಿಯೂ ತಿಳಿಸಿರಲಿಲ್ಲ. ತುಂಬಿಕೊಳ್ಳುವ ಹಕ್ಕಿನ ಬಗ್ಗೆ ಇಷ್ಟೆಲ್ಲ ವಾದಗಳಾದವು. ಏನನ್ನು ತುಂಬುತ್ತಿದ್ದೇವೆ ಎಂದು ತಿಳಿಯುವ ಹಕ್ಕಿನ ಮಾತು ಅಷ್ಟಾಗಿ ಕೇಳಲಿಲ್ಲ.

ನಮಗೆ ಇದರಿಂದ ಆದ ನಷ್ಟ ದೊಡ್ಡದು. ಅಪ್ಪ ಟೈಪ್ ಮಾಡಿದ ಕಡತಗಳಿದ್ದ ಹಾರ್ಡ್ ಡಿಸ್ಕ್ 2011ರಲ್ಲಿ ಕೆಟ್ಟುಹೋಯಿತು. ಹೇಗೂ 40 ಪ್ರತಿ ಇವೆಯಲ್ಲ ಎಂದುಕೊಂಡೆವು. ಈಚೆಗೆ ನೆಂಟರ ಮನೆಗಳಲ್ಲಿ ಹುಡುಕಿದರೆ ಸಿಕ್ಕಿದ್ದು ನಾಲ್ಕು. ದೇವರ ಕೋಣೆಯಲ್ಲಿ ಅಜ್ಜಿಯ ಫೋಟೊ ಪಕ್ಕ ಭಕ್ತಿಯಿಂದ ಇಟ್ಟಿದ್ದ ಪ್ರತಿಯೇ ಎಲ್ಲಕ್ಕಿಂತ ಹೆಚ್ಚು ಮಾಸಿತ್ತು, ಕಿಟಕಿಯ ಬಿಸಿಲು ಅದರ ಮೇಲೆ ಬೀಳುತ್ತಿತ್ತು. ತಿಪಟೂರಿನ ಸೋದರತ್ತೆ ಸೀರೆಗಳ ಅಡಿಯಲ್ಲಿ, ಕಬ್ಬಿಣದ ಟ್ರಂಕಿನಲ್ಲಿ ಹಾಕಿ ಮರೆತಿದ್ದ ಪ್ರತಿ ಎಷ್ಟೋ ವಾಸಿ.

ಅದನ್ನು ಎದುರಿಗಿಟ್ಟುಕೊಂಡು ನಾನು ಈಗ ಎಲ್ಲ ಪದಗಳನ್ನೂ ಮತ್ತೆ ಯೂನಿಕೋಡಿನಲ್ಲಿ ಟೈಪ್ ಮಾಡುತ್ತಿದ್ದೇನೆ. ಇಪ್ಪತ್ತಾರನೆಯ ಹಾಳೆಯಲ್ಲಿ ಎರಡು ಸಾಲು ಟ್ರಂಕಿನ ಪ್ರತಿಯಲ್ಲೂ ಓದಲಾಗಲಿಲ್ಲ. ಅತ್ತೆಗೆ ಫೋನ್ ಮಾಡಿ ಹಿಂದಿನ ಸಾಲುಗಳನ್ನು ಓದಿ ಹೇಳಿದೆ. ಅವರು ತುಸು ಹೊತ್ತು ಸುಮ್ಮನಿದ್ದು, ಹಾಡಿದರು. ಮಾಸಿಹೋದ ಸಾಲುಗಳಿಗೆ ನಿಲ್ಲದೆ ಪದ ಪೂರ್ತಿ ಹಾಡಿದರು. ನಡುನಡುವೆ ಅಪ್ಪನ ಹಾಳೆಯಲ್ಲಿ ಇಲ್ಲದ ನುಡಿಗಳೂ ಬಂದವು. ಹೇಳಿದರೆ, "ನಿಮ್ಮಪ್ಪ ತಪ್ಪು ಬರ್ಕೊಂಡಿದಾನೆ ಮಗ, ಅವ್ವ ಹಂಗೆ ಹಾಡ್ತಿರಲಿಲ್ಲ" ಎಂದರು. ಅಪ್ಪನನ್ನು ಕೇಳಿದರೆ, "ಅವಳಿಗೆ ಮರೆತಿದೆ" ಎನ್ನುತ್ತಾರೆ.

ನಾನು ಎರಡನ್ನೂ ಟೈಪ್ ಮಾಡಿದ್ದೇನೆ. ಪ್ರಿಂಟರ್ ಕೊಳ್ಳುವಾಗ ಅದರ ಕಪ್ಪು ಮಸಿ ಪಿಗ್ಮೆಂಟೇ ಎಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡಿದ್ದೆ. ಈ ಸಲವೂ 40 ಪ್ರತಿ ತೆಗೆಯಬೇಕೆಂದಿದೆ. ಕೊಡುವಾಗ ದೇವರ ಕೋಣೆಯಲ್ಲಿ ಇಡಬೇಡಿ, ಟ್ರಂಕಿನಲ್ಲಿಡಿ ಎಂದು ಹೇಳುವುದೊಂದು ಬಾಕಿ.